ಗೂಳಪ್ಪನ ಹೆಸರಿನ ಓರೆ

ಹೆಸರೊಂದನ್ನು ಓರೆಯಾಗಿ ಕೂರಿಸಿದ ಮಾತ್ರಕ್ಕೆ ಮನುಷ್ಯ ಸತ್ತಂತಾಗುತ್ತದೆಯೇ, ಆಗುವುದಾದರೆ ಅದರ ಪಾಪ ಅಕ್ಷರ ಬರೆದವನಿಗೋ ಬರೆಸಿದವನಿಗೋ, ಇಲ್ಲಾ ಅಕ್ಷರಕ್ಕೆ ಅಂಥ ಅರ್ಥ ಹಚ್ಚಿದ ಊರಿಗೋ ಎಂದು ಮಲ್ಲಿನಾಥ ಬೆಳಗಿನಿಂದ ಯೋಚಿಸುತ್ತಿದ್ದ. ಹಾಗೆ ಯೋಚಿಸುವುದು ಕೆಲಸವನ್ನು ಮುಂದೂಡುವ ಒಂದು ದಾರಿ ಎಂಬುದೂ ಅವನಿಗೆ ಗೊತ್ತಿತ್ತು. ಅವನ ಪ್ರೆಸ್ಸಿನ ಕಂಪ್ಯೂಟರ್ ಪರದೆಯ ಮೇಲೆ ಪಕ್ಕದ ಮನೆಯ ಕಾಂಚನಾಳ ಲಗ್ನಪತ್ರಿಕೆ ಇತ್ತು. ಮೇಲೆ ಮನೆದೇವರ ಹೆಸರು, ಕೆಳಗೆ ಮುಹೂರ್ತ, ಮಂಗಲ ಕಾರ್ಯಾಲಯದ ವಿಳಾಸ, ಮುಧೋಳದ ಬೀಗರ ಉದ್ದನೆಯ ಪಟ್ಟಿ, ಎಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತಾಗಿತ್ತು. ಉಳಿದದ್ದು ಹುಡುಗಿಯ ತಂದೆಯ ಹೆಸರೊಂದೇ. ಗೂಳಪ್ಪ. ಮೂರೇ ಅಕ್ಷರ. ಅದನ್ನು ನೆಟ್ಟಗೆ ಬರೆದರೆ ಬದುಕಿದ್ದಾನೆ, ಓರೆ ಬರೆದರೆ ಇಲ್ಲ. ಬನಹಟ್ಟಿಯ ಈ ಓಣಿಯಲ್ಲಿ ಎರಡೂ ಬದಿಗೆ ಮಗ್ಗಗಳು ಬಡಿಯುತ್ತಿದ್ದವು. ಆ ಸದ್ದಿನಲ್ಲಿ ಹುಟ್ಟಿ ಬೆಳೆದವನಿಗೆ ಅದು ಕೇಳಿಸುವುದಿಲ್ಲ, ನಿಂತಾಗ ಮಾತ್ರ ಕೇಳಿಸುತ್ತದೆ. ಕರೆಂಟು ಹೋಗಿ ಮಗ್ಗ ನಿಂತರೆ ಕೆಲಸ ಬಿಡಲು ಒಂದು ನೆಪವಾದರೂ ಸಿಗುತ್ತಿತ್ತು ಎಂದುಕೊಂಡ. ಕರೆಂಟು ಹೋಗಲಿಲ್ಲ.

ಆ ಓರೆ ಅಕ್ಷರವನ್ನು ಅವನು ಸತ್ತವರಿಗಾಗಿ ಬರೆದಿರಲಿಲ್ಲ. ಜಮಖಂಡಿಯಲ್ಲಿ ಬಿ.ಎ. ಓದುವಾಗ ಕಾಲೇಜಿನ ಲೈಬ್ರರಿಯಲ್ಲಿ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಸಿಕ್ಕಿತ್ತು. ಅದರ ವಿಷಯ ಅವನಿಗೆ ಇವತ್ತಿಗೂ ನೆನಪಿಲ್ಲ. ನೆನಪಿರುವುದು ಅದರೊಳಗಿನ ಇಟಾಲಿಕ್ ಅಕ್ಷರ. ನೆಟ್ಟಗೆ ನಡೆದುಕೊಂಡು ಬಂದ ಸಾಲಿನ ನಡುವೆ ಒಂದು ಮಾತು ಇದ್ದಕ್ಕಿದ್ದಂತೆ ಬಾಗಿ, ತೆಳ್ಳಗಾಗಿ, ಮತ್ತೆ ನೆಟ್ಟಗಾಗುತ್ತಿತ್ತು. ಕೂಗುವುದಕ್ಕೆ ದಪ್ಪಕ್ಷರವಿದೆ. ಇದು ಕೂಗುತ್ತಿರಲಿಲ್ಲ, ದನಿ ಬದಲಿಸುತ್ತಿತ್ತು. ಪುಸ್ತಕದ ಹೆಸರು ಬಂದಾಗ, ಇನ್ನೊಬ್ಬರ ಮಾತು ಬಂದಾಗ, ಬೇರೆ ಭಾಷೆಯ ಪದ ಬಂದಾಗ, ಒಬ್ಬ ತನ್ನೊಳಗೇ ಹೇಳಿಕೊಂಡದ್ದು ಬಂದಾಗ ಮಾತ್ರ ಅದು ಕಾಣಿಸಿಕೊಳ್ಳುತ್ತಿತ್ತು. ಏರುವ ಗೆರೆ ಕೂದಲಿನಷ್ಟು ಸಣ್ಣ, ಇಳಿಯುವ ಗೆರೆ ತುಂಬಿಕೊಂಡದ್ದು, ಅಕ್ಷರದ ತುದಿಗೆ ಒಂದು ಚಿಕ್ಕ ಪಾದ, ಆ ಪಾದವೂ ನೆಲಕ್ಕೆ ಊರಿ ನಿಲ್ಲದೆ ಮುಂದಿನ ಹೆಜ್ಜೆಗೆ ಎತ್ತಿಕೊಂಡಂತೆ. ಮೆತ್ತಗೆ ಮಾತಾಡುವ ದೊಡ್ಡ ಮನೆತನದ ಹೆಂಗಸಿನ ಹಾಗೆ ಅದಕ್ಕೊಂದು ನಡೆ ಇತ್ತು. ಕನ್ನಡಕ್ಕೆ ಇಂಥದೊಂದು ಯಾಕಿಲ್ಲ ಎಂದು ಅವತ್ತೇ ಅನ್ನಿಸಿತ್ತು. ಕಂಪ್ಯೂಟರು ಬಂದ ಮೇಲೆ ಎಲ್ಲರೂ ಒಂದು ಗುಂಡಿ ಒತ್ತಿ ಕನ್ನಡವನ್ನು ಓರೆ ಮಾಡುತ್ತಿದ್ದರು. ಅದು ಕಪಾಟನ್ನು ಬದಿಯಿಂದ ನೂಕಿದಂತೆ ಕಾಣುತ್ತಿತ್ತು. ದುಂಡಗಿನದೆಲ್ಲ ಚಪ್ಪಟೆ ಮೊಟ್ಟೆ, ತಲೆಕಟ್ಟು ಗಾಳಿಗೆ ಹಾರಿದ ಟೊಪ್ಪಿಗೆ. ನೂಕಿಸಿಕೊಂಡು ವಾಲಿದ್ದು ಬೇರೆ, ತಾನಾಗಿ ಬಾಗಿದ್ದು ಬೇರೆ. ಬಾಗಬೇಕಾದರೆ ಅಕ್ಷರ ಒಳಗಿನಿಂದಲೇ ಬದಲಾಗಬೇಕು.

ಇದನ್ನು ಅವನು ಬಾಯಿಬಿಟ್ಟು ಹೇಳಿದ್ದು ಗೂಳಪ್ಪನೊಬ್ಬನಿಗೇ. ಗೂಳಪ್ಪ ಸೀರೆಯ ಸೆರಗಿನ ನಕ್ಷೆ ಬರೆಯುತ್ತಿದ್ದ. ಚೌಕಳಿ ಕಾಗದದ ಮೇಲೆ ಹೂವು, ಗೋಪುರ, ಆನೆ ಬರೆದು, ಅದರಂತೆ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆದು ಮಗ್ಗದ ಮೇಲೆ ಏರಿಸುತ್ತಿದ್ದ. ಪಕ್ಕದ ಮನೆಯವನು, ವಯಸ್ಸಿನಲ್ಲಿ ಹತ್ತು ವರ್ಷ ದೊಡ್ಡವನು. ಎಡಗೈಯ ಎರಡು ಬೆರಳಿನ ತುದಿ ಪಾವರ್‌ಲೂಮಿಗೆ ಹೋಗಿದ್ದವು. ಮಲ್ಲಿನಾಥ ಹೇಳಿದ್ದನ್ನೆಲ್ಲ ಕೇಳಿ ಅವನು ನಕ್ಕಿದ್ದ. "ಮಲ್ಲೂ, ಮಗ್ಗದಾಗ ಓರೆ ಗೆರಿ ಅನ್ನೂದೇ ಇಲ್ಲೋ. ಉದ್ದ ಒಂದು, ಅಡ್ಡ ಒಂದು. ಓರೆ ಕಾಣತೈತಿ ಅಂದ್ರ ಅಲ್ಲಿ ಸಣ್ಣ ಸಣ್ಣ ಪಾವಟಿಗಿ ಅದಾವ ಅಂತ ತಿಳಕೋ. ದೂರಿಂದ ನೋಡಾವ್ರಿಗೆ ಓರೆ, ಹತ್ತಿರದಿಂದ ನೋಡಾವ್ರಿಗೆ ಮೆಟ್ಟಲಾ." ಹಾಗೆಂದು ತನ್ನ ಚೌಕಳಿ ಕಾಗದದ ಒಂದು ಕಟ್ಟನ್ನೇ ಕೊಟ್ಟುಬಿಟ್ಟ. ಆ ಕಾಗದದ ಮೇಲೆಯೇ ಮಲ್ಲಿನಾಥ ಮೂರು ವರ್ಷ ಕೂತು ಕನ್ನಡದ ಇಡೀ ವರ್ಣಮಾಲೆಯನ್ನು, ಒತ್ತು ಕೊಂಬು ದೀರ್ಘ ಸಮೇತ, ಹನ್ನೊಂದು ಡಿಗ್ರಿಗೆ ಬಾಗಿಸಿ ಬರೆದ. ಎಲ್ಲಕ್ಕಿಂತ ಕಾಡಿದ್ದು ಳಕಾರ. ಅದರ ಕೊನೆಯ ಸುರುಳಿ ಎಷ್ಟು ಬಾಗಿಸಿದರೂ ಹಿಂದಕ್ಕೆ ತಿರುಗಿ ನೋಡುತ್ತಿತ್ತು. ಅದು ಸರಿಹೋಗುವ ಹೊತ್ತಿಗೆ ಗೂಳಪ್ಪ ಊರಲ್ಲಿರಲಿಲ್ಲ. ಮಗ್ಗಗಳಿಗೆ ಕಂಪ್ಯೂಟರಿನಿಂದಲೇ ನಕ್ಷೆ ಹೋಗುವ ಪೆಟ್ಟಿಗೆ ಬಂದು, ರಟ್ಟಿನ ಪಟ್ಟಿಗಳನ್ನು ಜನ ಒಲೆಗೆ ಹಾಕತೊಡಗಿದ್ದರು. ಒಂದು ದಿನ ಬೆಳಿಗ್ಗೆ ಚಹಾ ಕುಡಿದು, ಲೋಟ ತೊಳೆದಿಟ್ಟು, ಹೊರಗೆ ಹೋದವನು ಬರಲಿಲ್ಲ. ಇದಕ್ಕೆ ಹನ್ನೆರಡು ವರ್ಷ. ಅವನ ಅಣ್ಣ ಶಿವಯೋಗಿ ಮೀರಜ, ಸೊಲ್ಲಾಪುರ ಎಂದು ಒಂದು ವರ್ಷ ಫೋಟೋ ಹಿಡಿದುಕೊಂಡು ತಿರುಗಿ ಸುಮ್ಮನಾದ.

ಅಕ್ಷರ ಮುಗಿದು ಕಂಪ್ಯೂಟರಿಗೆ ಏರಿದಾಗ ಮಲ್ಲಿನಾಥನಿಗೆ ಅದನ್ನು ಮದುಮಕ್ಕಳ ಹೆಸರಿಗೆ ಹಾಕಬೇಕೆಂಬ ಆಸೆ ಇತ್ತು. ರಬಕವಿಯ ಒಬ್ಬರ ಪತ್ರಿಕೆಗೆ ಹಾಕಿ ತೋರಿಸಿದ. "ಇದೇನ್ರೀ ಹುಡುಗಿ ಹೆಸರು ಬಿದ್ದ ಹೊಂಟೈತಿ" ಎಂದು ತೆಗೆಸಿದರು. ಆಮೇಲೆ ಬಟ್ಟೆ ವ್ಯಾಪಾರದ ಅಣ್ಣಾಸಾಹೇಬರ ಮನೆಯ ಪತ್ರಿಕೆ ಬಂತು. ಅದರಲ್ಲಿ ತೀರಿಹೋದ ಅಜ್ಜನ ಹೆಸರಿತ್ತು. ಸತ್ತವರು ಪ್ರೂಫ್ ತಿದ್ದಲು ಬರುವುದಿಲ್ಲ ಎಂಬ ಧೈರ್ಯದಿಂದ ಆ ಹೆಸರೊಂದನ್ನು ಓರೆ ಅಕ್ಷರದಲ್ಲಿ ಕೂರಿಸಿದ. ಅಣ್ಣಾಸಾಹೇಬರು ನೋಡಿ, "ಅಜ್ಜ ಎದ್ದ ಬಂದಂಗಾತು ನೋಡಪಾ" ಎಂದು ಕಣ್ಣು ಒರೆಸಿಕೊಂಡರು. ಆ ಒಂದು ಮಾತು ಅವನ ಮೂರು ವರ್ಷದ ಕೂಲಿ. ಅದೇ ಅವನನ್ನು ಹಾಳು ಮಾಡಿತು. ಎರಡು ಸುಗ್ಗಿ ಕಳೆಯುವುದರೊಳಗೆ ಹುನ್ನೂರ, ಹಿಪ್ಪರಗಿ, ಜಮಖಂಡಿಯವರೆಗೆ ಜನ ಬಂದು "ಅಣ್ಣಾಸಾಹೇಬರ ಪತ್ರಿಕ್ಯಾಗ ಹಿರ್ಯಾರಿಗೆ ಹಾಕೀರಲ್ಲ, ಆ ಅಕ್ಷರ" ಎಂದು ಕೇಳತೊಡಗಿದರು. ಉಳಿದ ಪ್ರೆಸ್ಸಿನವರು ಗುಂಡಿ ಒತ್ತಿ ಓರೆ ಮಾಡಿ ಅದನ್ನೇ ನಡೆಸಿದರು. ಈಗ ಪತ್ರಿಕೆ ಕೈಗೆ ಬಂದರೆ ಹೆಂಗಸರು ಮೊದಲು ಓರೆ ಹೆಸರುಗಳ ಮೇಲೆ ಕಣ್ಣಾಡಿಸುತ್ತಾರೆ, ಯಾವ ಮನೆಯಲ್ಲಿ ಯಾರು ಹೋದರು ಎಂದು. ಮೊನ್ನೆ ಕಲ್ಮೇಶ ತನ್ನ ಹೊಸ ಪಾವರ್‌ಲೂಮಿನ ಬೋರ್ಡು ಬರೆಸಲು ಬಂದವನು ಬಾಗಿಲಲ್ಲೇ ನಿಂತು ಹೇಳಿದ್ದ: "ಏ ಮಲ್ಲಣ್ಣಾ, ಛಲೋ ಅಕ್ಷರ ಹಾಕಪಾ. ಆ ನಿನ್ನ ಸುಡಗಾಡ ಅಕ್ಷರ ಮಾತ್ರ ಬ್ಯಾಡ. ಇನ್ನೂ ಮಗ್ಗಾ ಸುರು ಆಗಿಲ್ಲ." ಮಲ್ಲಿನಾಥ ನಕ್ಕಿದ್ದ. ಇಂಥ ಕಡೆ ನಗುವುದು ಅವನಿಗೆ ರೂಢಿಯಾಗಿತ್ತು.

ನಿನ್ನೆ ಶಿವಯೋಗಿ ಬಂದಿದ್ದ. ಬರೆದು ತಂದ ಹಾಳೆಯನ್ನು ಗಾಜಿನ ಮೇಜಿನ ಮೇಲಿಟ್ಟು, ತಮ್ಮನ ಹೆಸರಿನ ಮೇಲೆ ಬೆರಳಿಟ್ಟ.

"ಇಲ್ಲಿ ಲಿಂಗೈಕ್ಯ ಅಂತ ಬರಿಬ್ಯಾಡ. ಶ್ರೀ ಅಂತನೂ ಬರಿಬ್ಯಾಡ. ಬರೇ ಗೂಳಪ್ಪ. ಅಕ್ಷರ ಅಷ್ಟ ಓರೆ ಹಾಕು."

"ಅಣ್ಣಾ, ಓರೆ ಹಾಕಿದ್ರ ಮಂದಿ..."

"ಮಂದಿ ತಿಳಕೊಳ್ಳಲಿ ಅಂತನೇ. ನಾವ ಬಾಯಿಲೆ ಹೇಳಿದಂಗ ಆಗಬಾರದು, ಅವರಿಗೆ ತಿಳೀದಂಗನೂ ಇರಬಾರದು. ಮುಧೋಳದಾವ್ರು ಮೂರ ಸಲ ಕೇಳ್ಯಾರ, ಹುಡುಗಿ ಅಪ್ಪ ಎಲ್ಲಿ ಅಂತ. ಸತ್ತವನ ಮಗಳನ್ನ ತರತಾರ. ಬಿಟ್ಟ ಹೋದವನ ಮಗಳನ್ನ ತರಾಕ ಹಿಂದ ಮುಂದ ನೋಡತಾರ. ನಿನಗ ಬಿಡಿಸಿ ಹೇಳಬೇಕೇನು? ನೀ ಓದಿದಾಂವ."

"ಅನಸವ್ವ ವೈನಿ ಏನಂದ್ರು?"

"ಆಕಿ ಏನಂತಾಳ? ನಾಳೆ ಬಂದು ನೋಡ್ಕೊಂಡ ಹೊಕ್ಕಾಳ." ಹೋಗುವಾಗ ತಿರುಗಿ ಇನ್ನೊಂದು ಮಾತು ಸೇರಿಸಿದ. "ಸುರಗಿಗೆ ನಮ್ಮ ಶಿವವ್ವ ಕುಂದರತಾಳ. ಅದೂ ಆತು."

ಆ ಕೊನೆಯ ಮಾತು ಮಲ್ಲಿನಾಥನ ಎದೆಯಲ್ಲಿ ಉಳಿದಿತ್ತು. ಸುರಗಿ ಎಂದರೆ ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಸುತ್ತ ನೂಲು ಸುತ್ತಿ, ನಡುವೆ ಮದುಮಗಳನ್ನು ಕೂರಿಸಿ ನೀರು ಹಾಕುವುದು. ತಾಯಿ ಮಗಳ ಜೊತೆ ಆ ನೂಲಿನೊಳಗೆ ಕೂರುತ್ತಾಳೆ. ಮುತ್ತೈದೆಯಾದರೆ ಮಾತ್ರ. ಹೆಸರು ಓರೆಯಾದ ದಿನ ಗೂಳಪ್ಪನ ಹೆಂಡತಿ ಅನಸವ್ವ ನೂಲಿನ ಹೊರಗೆ ನಿಲ್ಲುತ್ತಾಳೆ, ಭಾವನ ಹೆಂಡತಿ ಶಿವವ್ವ ಒಳಗೆ ಕೂರುತ್ತಾಳೆ. ಹನ್ನೆರಡು ವರ್ಷ ಬೇರೆಯವರ ಮಗ್ಗಕ್ಕೆ ನೂಲು ಸುತ್ತಿ ಮಗಳನ್ನು ಓದಿಸಿದವಳು. ಒಂದು ಅಕ್ಷರದ ವಾಲಿಕೆಗೆ ಇಷ್ಟು ಭಾರವಿದೆ ಎಂದು ಚೌಕಳಿ ಕಾಗದದ ಮೇಲೆ ಕೂತಾಗ ಅವನಿಗೆ ಹೊಳೆದಿರಲಿಲ್ಲ. ಆದರೆ ಅವನನ್ನು ಬೆಳಗಿನಿಂದ ಕೂರಲು ಬಿಡದೆ ಕಾಡುತ್ತಿದ್ದುದು ಅಕ್ಷರದ ಭಾರವಲ್ಲ. ಗೂಳಪ್ಪ ಸತ್ತಿಲ್ಲ. ನಾಲ್ಕು ವರ್ಷದ ಹಿಂದೆ ಅವನನ್ನು ಗಡಿಯಾಚೆಯ ಇಚಲಕರಂಜಿಯಲ್ಲಿ ಮಲ್ಲಿನಾಥ ಕಣ್ಣಾರೆ ಕಂಡಿದ್ದ.

ಅವತ್ತು ಹೆಂಡತಿ ವೈಶಾಲಿಗೆ ಜಮಖಂಡಿಗೆ ಶಾಯಿ ತರಲು ಹೋಗುತ್ತೇನೆಂದು ಹೇಳಿ ಇಚಲಕರಂಜಿಯ ಬಸ್ಸು ಹತ್ತಿದ್ದ. ಅಲ್ಲಿ ಬಟ್ಟೆ ಗಿರಣಿಗಳಿಗೆ ಲೇಬಲ್ಲು ಅಚ್ಚು ಹಾಕುವ ದೊಡ್ಡ ಕಾರಖಾನೆಯೊಂದಿತ್ತು. ಸೀರೆಯ ಪೆಟ್ಟಿಗೆಯ ಮೇಲೆ ಕನ್ನಡದ ಓರೆ ಅಕ್ಷರ ಚಂದ ಕಾಣುತ್ತದೆ, ಕರ್ನಾಟಕಕ್ಕೆ ಹೋಗುವ ಮಾಲಿಗೆ ಅದನ್ನು ಕೊಳ್ಳಬಹುದು ಎಂಬ ಲೆಕ್ಕ ಅವನದು. ಮಾಲೀಕ ಒಳ್ಳೆಯವನೇ. ಕೂರಿಸಿ ಚಹಾ ತರಿಸಿದ. ಹಾಳೆಗಳನ್ನು ಒಂದೊಂದೇ ತಿರುವಿ, ಚೆನ್ನಾಗಿದೆ ಅಂದ. ಆಮೇಲೆ ಫೋನು ಬಂತು. ಮಾತಾಡುತ್ತ ಮಾತಾಡುತ್ತ ಚಹಾದ ಕಪ್ಪನ್ನು ಳಕಾರ ಇದ್ದ ಹಾಳೆಯ ಮೇಲಿಟ್ಟ. ಕಪ್ಪು ಎತ್ತಿದಾಗ ಅಲ್ಲೊಂದು ಕಂದು ಬಳೆ ಉಳಿದಿತ್ತು. ಮಲ್ಲಿನಾಥ ಅದನ್ನೇ ನೋಡುತ್ತಿದ್ದ. ಮಾಲೀಕನೂ ನೋಡಿದ, ನೋಡಿ ತನ್ನ ಕೈವಸ್ತ್ರದಿಂದ ಒರೆಸಿದ, ಒರೆಸಿದ್ದಕ್ಕೆ ಅಕ್ಷರ ಕದಡಿತು. ಇಬ್ಬರೂ ಏನೂ ಆಗದವರಂತೆ ಮುಗುಳ್ನಕ್ಕರು. ಬೈದು ಕಳಿಸಿದ್ದರೆ ಮನೆಗೆ ಬಂದು ಹೇಳಿಕೊಳ್ಳಬಹುದಿತ್ತು. ಇದನ್ನು ಯಾವ ಮಾತಿನಲ್ಲಿ ಹೇಳುವುದು? ಹಾಳೆಗಳನ್ನು ಚೀಲಕ್ಕೆ ತುರುಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆಯುವಾಗ ಒಂದು ಮಗ್ಗದ ಶೆಡ್ಡಿನ ಎದುರು ಚಹಾದಂಗಡಿಯಲ್ಲಿ ಒಬ್ಬ ಕುಡಿದ ಗ್ಲಾಸನ್ನು ತಾನೇ ತೊಳೆದು ಬೋರಲು ಹಾಕುತ್ತಿದ್ದ. ತೊಳೆಯುವ ಎಡಗೈಯಲ್ಲಿ ಎರಡು ಬೆರಳು ಮೋಟು. ಗಡ್ಡ ಬೆಳ್ಳಗಾಗಿತ್ತು. "ಮಲ್ಲೂ" ಎಂದು ಅವನೇ ಕರೆದದ್ದು. ಆರಾಮ ಅದೀ? ಆರಾಮ. ಎರಡು ಮಾತು, ಮೂರು ಮಾತು. ಅಷ್ಟರಲ್ಲಿ ಶೆಡ್ಡಿನ ಸೈರನ್ನು ಕೂಗಿತು, ಗೂಳಪ್ಪ ಒಳಗೆ ಹೋದ. ಯಾರಿಗೂ ಹೇಳಬೇಡ ಎಂದು ಅವನು ಹೇಳಲಿಲ್ಲ. ಹೇಳಿದ್ದರೆ ಇಷ್ಟು ವರ್ಷದ ಮೌನಕ್ಕೆ ಒಂದು ಆಣೆಯ ಗೌರವವಾದರೂ ಇರುತ್ತಿತ್ತು.

ಊರಿಗೆ ಬಂದು ಹೇಳಬೇಕೆಂದರೆ ಮೊದಲು ಇಚಲಕರಂಜಿಗೆ ಹೋಗಿದ್ದೆ ಎನ್ನಬೇಕು. ಯಾಕೆ ಹೋಗಿದ್ದೆ ಎಂದು ಕೇಳುತ್ತಾರೆ. ಅಕ್ಷರ ಮಾರಲು ಎನ್ನಬೇಕು. ಕೊಂಡರೋ ಎಂದು ಕೇಳುತ್ತಾರೆ. ನಾಳೆ ಹೇಳಿದರಾಯಿತು ಎಂದುಕೊಂಡ. ಒಂದು ವಾರವಾದ ಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಹೊಸ ಪ್ರಶ್ನೆ ಹುಟ್ಟಿತು. ವರ್ಷವಾದ ಮೇಲೆ ಆ ಪ್ರಶ್ನೆಯೇ ಗೋಡೆಯಾಯಿತು. ಒಂದು ಹಾಳೆಯ ಮೇಲೆ ಬಿದ್ದ ಚಹಾದ ಕಲೆಯನ್ನು ಮುಚ್ಚಿಡಲು ಅವನು ಒಬ್ಬ ಜೀವಂತ ಮನುಷ್ಯನನ್ನು ಮುಚ್ಚಿಟ್ಟಿದ್ದ. ಇದನ್ನು ಇಷ್ಟು ಸ್ಪಷ್ಟವಾಗಿ ತನಗೆ ತಾನೇ ಹೇಳಿಕೊಂಡದ್ದು ಇವತ್ತೇ ಮೊದಲು. ಹೇಳಿಕೊಂಡರೂ ಏನೂ ಆಗಲಿಲ್ಲ. ಮಗ್ಗಗಳು ಬಡಿಯುತ್ತಿದ್ದವು.

ಅವನು ಹೆಸರನ್ನು ಓರೆ ಅಕ್ಷರದಲ್ಲಿ ಹಾಕಿದ, ತೆಗೆದ. ನೆಟ್ಟಗೆ ಹಾಕಿದ, ಶಿವಯೋಗಿಯ ಮುಖ ನೆನಪಾಯಿತು. ಕೊನೆಗೆ ಅಕ್ಷರದ ಬಾಗನ್ನೇ ಹನ್ನೊಂದರಿಂದ ಎಂಟಕ್ಕೆ, ಎಂಟರಿಂದ ಐದಕ್ಕೆ, ಐದರಿಂದ ಮೂರಕ್ಕೆ ತಂದ. ಮೂರು ಡಿಗ್ರಿಯಲ್ಲಿ ಅದು ಓರೆಯೆಂದರೆ ಓರೆ, ನೆಟ್ಟಗೆಂದರೆ ನೆಟ್ಟಗೆ. ಮುಧೋಳದವರು ಓರೆಯೆಂದು ಓದಿಕೊಳ್ಳಲಿ, ಅನಸವ್ವ ನೆಟ್ಟಗೆಂದು ಓದಿಕೊಳ್ಳಲಿ. ತಾನು ಏನನ್ನೂ ಹೇಳಿದಂತಾಗುವುದಿಲ್ಲ. ಈ ಉಪಾಯ ಹೊಳೆದಾಗ ಅವನಿಗೆ ಒಂದು ಕ್ಷಣ ಹೆಮ್ಮೆಯೇ ಆಯಿತು. ಪ್ರೂಫ್ ತೆಗೆದು ಮೇಜಿನ ಮೇಲಿಟ್ಟ.

ಅನಸವ್ವ ಬಂದಾಗ ಮಧ್ಯಾಹ್ನವಾಗಿತ್ತು. ಸೆರಗಿನ ಮೇಲೆ ಅಲ್ಲಲ್ಲಿ ನೂಲಿನ ತುಣುಕು ಅಂಟಿಕೊಂಡಿತ್ತು. ಕೆಲಸದ ನಡುವೆ ಎದ್ದು ಬಂದಿದ್ದಳು. ಕೂರಲು ಹೇಳಿದರೆ ಕೂರಲಿಲ್ಲ. ಕೈಯನ್ನು ಮೇಜಿನ ಮೇಲೆ ಊರಿದಾಗ ಹಸಿರು ಬಳೆಗಳು ಗಾಜಿಗೆ ತಾಗಿ ಸದ್ದಾಯಿತು.

"ಕಾಂಚಿ ಹೆಸರು ದೊಡ್ಡದ ಹಾಕೀಯಲ್ಲ, ಛಲೋ ಆತು" ಎಂದಳು. "ಮುಧೋಳದಾವ್ರ ಮಂದಿ ಏನ್ ಇಷ್ಟ ಅದಾರೋ? ಊಟಕ್ಕ ಇಷ್ಟೂ ಮಂದಿ ಬಂದ್ರ ನಮ್ಮ ಭಾವ ಓಡಿ ಹೊಕ್ಕಾನ." ತನ್ನ ಮಾತಿಗೆ ತಾನೇ ನಕ್ಕಳು. ಓಡಿ ಹೋಗುವುದು ಆ ಮನೆಯಲ್ಲಿ ನಗುವ ಮಾತಲ್ಲ ಎಂದು ನೆನಪಾಗಿಯೋ ಏನೋ, ನಗು ಅರ್ಧಕ್ಕೆ ನಿಂತಿತು. ಅವಳ ಬೆರಳು ಸಾಲಿನಿಂದ ಸಾಲಿಗೆ ಇಳಿದು ಗಂಡನ ಹೆಸರಿನ ಹತ್ತಿರ ನಿಂತಿತು. ಹಾಳೆಯನ್ನು ಎತ್ತಿ ಬಾಗಿಲಿನ ಬೆಳಕಿಗೆ ಹಿಡಿದಳು. ಸಾವಿರ ಎಳೆಯೊಳಗೆ ಒಂದು ಎಳೆ ತಪ್ಪಿದ್ದನ್ನು ಹಿಡಿಯುವ ಕಣ್ಣು ಅದು.

"ಇದ್ಯಾಕೋ ಜರಾ ವಾಲೈತಿ."

"ಹೂಂ ವೈನಿ. ಸ್ವಲ್ಪ."

"ಓರೆ ಅಕ್ಷರ ಏನಿದು?"

"ಪೂರಾ ಓರೆ ಅಲ್ಲರಿ."

"ಮತ್ತ ನೆಟ್ಟಗ ಐತೇನು?"

"ನೆಟ್ಟಗೂ ಅಲ್ಲ."

ಅವಳು ಹಾಳೆಯನ್ನು ಇಳಿಸಿದಳು. ಸಿಟ್ಟು ಬಂದಂತೆ ಕಾಣಲಿಲ್ಲ. "ಇತ್ತಾಗೂ ಇಲ್ಲ, ಅತ್ತಾಗೂ ಇಲ್ಲ. ಹನ್ನೆರಡ ವರ್ಷ ನಾ ಹಿಂಗ ಅದೇನೋ ಮಲ್ಲಿನಾಥಾ. ಹಬ್ಬಕ್ಕ ಕರದ್ರ ಉಡಿ ತುಂಬತಾರ, ತುಂಬಾಕಿನ ಕೈ ಒಂದ ಗಳಿಗಿ ನಿಂತು ಆಮ್ಯಾಲ ತುಂಬತೈತಿ. ಅದು ನಿಲ್ಲೂದು ನನಗ ಕಾಣತೈತಿ. ಸತ್ತಾನ ಅಂದ್ರ ಒಮ್ಮೆ ಕುಂತ ಅತ್ತ ಬಿಡಬಹುದು. ಇದ್ದಾನ ಅಂದ್ರ ಬೈಬಹುದು. ನೀನೂ ಹಿಂಗ ನಡಬರಕ ನಿಲ್ಲಿಸಿದ್ರ ಹೆಂಗ? ಒಂದ ಕಡೆ ಹಾಕು."

ಪರದೆಯ ಮೇಲೆ ಮೂರು ಡಿಗ್ರಿಯ ಗೂಳಪ್ಪ ಹಾಗೇ ಇದ್ದ. ಈಗ ಹೇಳಿದರೆ ಮುಧೋಳದ ಸಂಬಂಧ ಮುರಿಯಬಹುದು ಎಂದು ಅವನ ತಲೆ ಒಂದು ಕಾರಣವನ್ನು ಹುಡುಕಿಕೊಟ್ಟಿತು. ಕಾರಣ ನಿಜವೇ ಆಗಿತ್ತು. ನಾಲ್ಕು ವರ್ಷದ ಹಿಂದೆ ಮುಧೋಳದವರು ಇರಲಿಲ್ಲ ಎಂಬುದೂ ನಿಜವೇ.

"ಒಂದ ಮಾತ ಕೇಳತೇನಿ" ಎಂದಳು ಅನಸವ್ವ. ದನಿ ಇಳಿದಿತ್ತು. "ಅವ ನಿನ್ನ ಮ್ಯಾಲ ಭಾಳ ಜೀವ ಇಟ್ಟಿದ್ದ. ಚೌಕಳಿ ಕಾಗದ ನನಗ ಮುಟ್ಟಾಕ ಬಿಡತಿರಲಿಲ್ಲ, ನಿನಗ ಕಟ್ಟಗಟ್ಟಲೆ ಕೊಟ್ಟ. ಎಲ್ಲೆರ ಇದ್ರ, ನಮಗಲ್ಲ, ನಿನಗ ಒಂದ ಫೋನ್ ಮಾಡತಿದ್ದ ಅಂತ ನನಗ ಅನಸತೈತಿ. ನೀ ಶಾಯಿ, ಕಾಗದ ಅಂತ ಊರೂರು ತಿರಗಾಂವ. ಎಲ್ಲೆರ ನೋಡೀಯೇನು? ಯಾರೆರ ನೋಡೇನಿ ಅಂದದ್ದರೆ ಕೇಳೀಯೇನು?"

ಹೊರಗೆ ಒಂದು ಟ್ರ್ಯಾಕ್ಟರು ಹಾದುಹೋಯಿತು. ಅದು ದಾಟುವವರೆಗೆ ಉತ್ತರ ಕೊಡಬೇಕಾಗಿರಲಿಲ್ಲ. ಅಷ್ಟು ಹೊತ್ತಿನಲ್ಲಿ ಅವನು ಅವಳ ಹಣೆಯ ಕುಂಕುಮವನ್ನು ನೋಡಿದ. ದಿನವೂ ಇಟ್ಟುಕೊಳ್ಳುವ ಕೈಗೆ ಕನ್ನಡಿ ಬೇಕಾಗುವುದಿಲ್ಲ. ಅದು ನಡುವಿನಲ್ಲಿ ಸರಿಯಾಗಿತ್ತು.

"ಇಲ್ಲರಿ ವೈನಿ" ಎಂದ. "ನಾ ಎಲ್ಲಿ ಹೊಕ್ಕೇನಿ? ಜಮಖಂಡಿ ದಾಟಿಲ್ಲ."

ವೈಶಾಲಿಗೆ ಹೇಳಿದ ಅದೇ ಮಾತು. ನಾಲ್ಕು ವರ್ಷದಲ್ಲಿ ಅದು ಎಷ್ಟು ನಯವಾಗಿತ್ತೆಂದರೆ ಬಾಯಿಂದ ಜಾರಿದ್ದು ಗೊತ್ತೇ ಆಗಲಿಲ್ಲ. ಅನಸವ್ವ ತಲೆಯಾಡಿಸಿದಳು. ಇನ್ನೊಂದು ಉತ್ತರವನ್ನು ಅವಳು ಕಾದಂತೆ ಇರಲಿಲ್ಲ, ಅಥವಾ ಕಾದು ಕಾದು ಆ ಕಾಯುವಿಕೆ ಮುಖದ ಮೇಲೆ ಕಾಣದಷ್ಟು ಹಳತಾಗಿತ್ತು.

"ಹಂಗಾರ ಓರೆ ಹಾಕು. ನಿಂದು ಪೂರಾ ಎಷ್ಟ ಬಾಗತೈತಿ ಅಷ್ಟ ಬಾಗಸು. ನೋಡಿದಾವ್ರು ನನ್ನ ಮತ್ತ ಕೇಳಬಾರದು."

ಅವಳ ಎದುರಿಗೇ ಅವನು ಮಾಡಿದ. ಮೂರು ಅಕ್ಷರ ಹನ್ನೊಂದು ಡಿಗ್ರಿಗೆ ಬಾಗಿದವು. ಗೂ ತನ್ನ ದೀರ್ಘವನ್ನು ಮುಂದಕ್ಕೆ ಚಾಚಿತು, ಪ್ಪದ ಒತ್ತು ಸಾಲಿನ ಕೆಳಗೆ ತೆಳ್ಳಗೆ ಇಳಿಯಿತು. ನಡುವಿನ ಳ ಮಾತ್ರ, ಅವನು ಸರಿಮಾಡಿದ್ದೇನೆಂದುಕೊಂಡ ಮೇಲೂ, ತುದಿಯ ಸುರುಳಿಯಲ್ಲಿ ಹಿಂದಕ್ಕೆ ತಿರುಗಿ ನೋಡುತ್ತಿತ್ತು. ಅವನು ಬರೆದದ್ದರಲ್ಲೆಲ್ಲ ಇದು ಚಂದದ ಹೆಸರು ಎಂದು ಅನ್ನಿಸಿತು, ಅನ್ನಿಸಿದ್ದಕ್ಕೆ ನಾಚಿಕೆಯಾಯಿತು. ಅನಸವ್ವ ಪರದೆಯನ್ನು ಹತ್ತಿರದಿಂದ ನೋಡಿದಳು. ಅಷ್ಟು ಹತ್ತಿರದಿಂದ ಅವಳಿಗೆ ಓರೆ ಕಂಡಿತೋ ಮೆಟ್ಟಿಲು ಕಂಡವೋ ಗೊತ್ತಿಲ್ಲ. "ಭಾಳ ಚಂದ ಬರದೀ" ಎಂದಳು. ಆಮೇಲೆ "ನೋಡಿದ್ರ ಅವನೂ ಖುಷಿ ಆಗತಿದ್ದ" ಎಂದು ಸೇರಿಸಿ, ಬಿಸಿಲಿಗೆ ಸೆರಗು ಹೊದ್ದು ಕೆಲಸಕ್ಕೆ ನಡೆದಳು.

ಐದುನೂರು ಪ್ರತಿ ಅಚ್ಚಾದವು. ಸುರಗಿಯ ದಿನ ಮಲ್ಲಿನಾಥನೂ ಹೋಗಿದ್ದ. ನೂಲು ಸುತ್ತಿದ ತಂಬಿಗೆಗಳ ನಡುವೆ ಕಾಂಚನಾಳ ಪಕ್ಕ ಶಿವವ್ವ ಕೂತಿದ್ದಳು. ಅನಸವ್ವ ಬಾಗಿಲ ಬಳಿ ಗೋಡೆಗೆ ಒರಗಿ ನಿಂತು, ನೀರು ಬಿಸಿ ಇದೆಯೋ ಇಲ್ಲವೋ ಎಂದು ಅಲ್ಲಿಂದಲೇ ಕೇಳುತ್ತಿದ್ದಳು. ಅವಳ ಕೈಯಲ್ಲಿ ಬಳೆ ಇರಲಿಲ್ಲ. ಇವನನ್ನು ಕಂಡು, "ಊಟ ಮಾಡಿ ಹೋಗು ತಮ್ಮಾ, ಹಂಗ ಹೋಗಬ್ಯಾಡ" ಎಂದಳು. ಅವನು ಊಟ ಮಾಡಿ ಹೋದ.

ಇಚಲಕರಂಜಿಯಲ್ಲಿ ಚಹಾದ ಗ್ಲಾಸು ಬೋರಲು ಹಾಕಿ, ಸೈರನ್ನು ಕೂಗುವ ಮೊದಲು, ಗೂಳಪ್ಪ ಅವನನ್ನು "ಕಾಂಚಿದು ಈ ವರ್ಷ ಹತ್ತನೇ ಕ್ಲಾಸ ಅಲ್ಲ?" ಎಂದು ಕೇಳಿದ್ದ. ಅದನ್ನು ಮಲ್ಲಿನಾಥ ಅನಸವ್ವನಿಗಾಗಲಿ ಕಾಂಚನಾಳಿಗಾಗಲಿ ಯಾವತ್ತೂ ಹೇಳಲಿಲ್ಲ.